ಗೇರುಮರದಡಿಯ ಹನ್ನೆರಡು ಚೀಲ

“ಯೂರಿಯಾ ಬೇಡ ಅಂದದ್ದು ನೀನೇ ಅಲ್ವಾ ತೃಷಾ?” ಲಿಗೋರಿ ಅಂಕಲ್ ಹಳದಿಗೆ ತಿರುಗಿದ ಹುಲ್ಲಿನ ಎಸಳೊಂದನ್ನು ನನ್ನ ಕೈಗಿಟ್ಟರು. “ತಗೊ, ನಿನ್ನ ಕಂಪ್ಯೂಟರಿಗೂ ತೋರಿಸು.”

ಜುಲೈ ಕೊನೆಯ ವಾರ. ಹಿರಿಯಡ್ಕದ ಆ ಗಟ್ಟಿ ಮುರಕಲ್ಲಿನ ಬಯಲಿನ ಹುಲ್ಲೇ ಅವರ ಮೂರು ದನಗಳ ಮೇವು. ಮಳೆಗಾಲದ ಮೊದಲೆರಡು ತಿಂಗಳಲ್ಲಿ ಹುಲ್ಲುಗಾವಲಿನ ಮಣ್ಣು ಎಷ್ಟು ಸಾರಜನಕ ಬಿಟ್ಟುಕೊಡುತ್ತದೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್ ಕಟ್ಟುವುದು ನನ್ನ ಸಂಶೋಧನೆ. ಈ ಬಯಲಿಗೆ ಅದು ಎಕರೆಗೆ ತೊಂಬತ್ತು ಕಿಲೋ ಎಂದಿತ್ತು. ಅಷ್ಟಿದ್ದರೆ ಹುಲ್ಲಿಗೆ ಧಾರಾಳ. ನನ್ನ ಮಾತು ನಂಬಿ ಅಂಕಲ್ ಗೊಬ್ಬರ ಹಾಕಿರಲಿಲ್ಲ. ಕೊಯ್ದ ಹುಲ್ಲನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಬರೀ ಹತ್ತೊಂಬತ್ತು ಕಿಲೋ. ಸೋಮವಾರ ಮಣಿಪಾಲದಲ್ಲಿ ಗೈಡ್ ಮುಂದೆ ಇದನ್ನಿಟ್ಟರೆ ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ.

ಬಯಲಿನ ಮೂಲೆಯ ಗೇರುಮರದ ಸುತ್ತ ಮಾತ್ರ ಹುಲ್ಲು ಕಡುಹಸಿರಾಗಿ ಸೊಂಟದೆತ್ತರ ಬೆಳೆದಿತ್ತು.

“ಅಲ್ಲಿ ಎಂತ ಹಾಕಿದ್ದೀರಿ ಅಂಕಲ್?”

“ಎಂತದೂ ಇಲ್ಲ. ಬೇಸಿಗೆಯಲ್ಲಿ ದನ ಕಟ್ಟುವ ಜಾಗ ಅದು.”

ನನಗೆ ಏಪ್ರಿಲ್ ನೆನಪಾಯಿತು. ಮಾಡೆಲ್‌ಗೆ ಬೇಕಾದ ಮಣ್ಣು ತೆಗೆಯಬೇಕಾದ ವಾರದಲ್ಲೇ ಪಡುಬಿದ್ರಿಯಲ್ಲಿ ಅಕ್ಕನ ಮದುವೆ. “ನೀನು ಮದುವೆ ನೋಡು, ಮಣ್ಣು ನಾನು ತೆಗೆದಿಡುತ್ತೇನೆ” ಎಂದಿದ್ದರು ಅಂಕಲ್. ಬಯಲಿನ ಉದ್ದಗಲಕ್ಕೂ ಹನ್ನೆರಡು ಗುರುತು ಹಾಕಿದ ನಕ್ಷೆಯನ್ನೂ ಚೀಲಗಳನ್ನೂ ಅವರಿಗೆ ಕೊಟ್ಟು ಹೋಗಿದ್ದೆ. ಬಂದಾಗ ಹನ್ನೆರಡೂ ಚೀಲ ನಂಬರ್ ಸಮೇತ ಜಗಲಿಯಲ್ಲಿದ್ದವು. ನಾನು ಒಂದು ಪ್ರಶ್ನೆಯನ್ನೂ ಕೇಳದೆ ಲಾಡು ಕೊಟ್ಟು ಚೀಲ ಒಯ್ದಿದ್ದೆ.

“ಆ ಮಣ್ಣು ನಕ್ಷೆಯ ಗುರುತಿನಲ್ಲೇ ತೆಗೆದದ್ದಾ?”

ಅಂಕಲ್ ಟೊಪ್ಪಿ ಸರಿಮಾಡಿಕೊಂಡರು. ಉತ್ತರ ಜಗಲಿಯಿಂದ, ಅವರ ಹೆಂಡತಿ ಇಮೆಲ್ಡಾ ಆಂಟಿಯಿಂದ ಬಂತು. “ಹೇಳಿ, ಹೇಳಿ! ಮೊದಲ ಗುರುತಿನಲ್ಲೇ ಪಿಕ್ಕಾಸಿನ ಹಿಡಿ ಮುರಿದದ್ದು ಹೇಳಿ!”

“ಕಲ್ಲಿನ ಹಾಗೆ ಇತ್ತು ಮಾರಾಯ್ತಿ. ಗೇರುಮರದಡಿ ಮಣ್ಣು ಮೆತ್ತಗೆ. ಕಪ್ಪು, ಒಳ್ಳೆ ಮಣ್ಣು. ನಿನ್ನ ಪರೀಕ್ಷೆಗೆ ಅಲ್ವಾ, ಒಳ್ಳೆಯದೇ ಇರಲಿ ಅಂತ...”

“ಹನ್ನೆರಡೂ?”

“ಹನ್ನೆರಡೂ.”

ನನಗೆ ನಗು ತಡೆಯಲಾಗಲಿಲ್ಲ. ವರ್ಷಗಟ್ಟಲೆ ಸಗಣಿ, ಗಂಜಲ ಕುಡಿದ ಮಣ್ಣನ್ನು ಮಾಡೆಲ್‌ಗೆ ತಿನ್ನಿಸಿ ಇಡೀ ಬಯಲಿನ ಭವಿಷ್ಯ ಕೇಳಿದ್ದೆ.

ಮಳೆಯಲ್ಲೇ ಪಿಕ್ಕಾಸು ಹಿಡಿದು, ನಕ್ಷೆಯ ಹನ್ನೆರಡೂ ಗುರುತಿನಲ್ಲಿ ನಾನೇ ಅಗೆದೆ. ಮಾಡೆಲ್ ನೋಡುವ ಸಾವಯವ ಅಂಶ ಎರಡು ತಿಂಗಳ ಮಳೆಗೆ ಹೆಚ್ಚು ಬದಲಾಗುವುದಿಲ್ಲ. ಅಂಕಲ್ ಕೊಡೆ ಹಿಡಿದು ಹಿಂದೆ ಹಿಂದೆ ಬಂದರು. “ಒಂದಿಂಚು ಆಚೆ ತೆಗೆದರೂ ಆಗುವುದಿಲ್ವಾ?” ಎಂದು ಪ್ರತಿ ಗುರುತಿನಲ್ಲೂ ಕೇಳಿದರು.

ಶನಿವಾರ ಸಂಜೆ ಲ್ಯಾಬಿನಿಂದ ಫೋನ್ ಮಾಡಿದೆ. “ಅಂಕಲ್, ಹೊಸ ಮಣ್ಣಿಗೆ ಮಾಡೆಲ್ ಇಪ್ಪತ್ತೊಂದು ಅನ್ನುತ್ತದೆ. ನಮಗೆ ಸಿಕ್ಕಿದ್ದು ಹತ್ತೊಂಬತ್ತು!”

“ಪಾಸಾ?”

“ಪಾಸು. ನೀವು ನಾಳೆಯೇ ಯೂರಿಯಾ ಹಾಕಿ. ಗೇರುಮರದಡಿ ಮಾತ್ರ ಬೇಡ.”

“ಅಲ್ಲಿ ಕಂಪ್ಯೂಟರ್ ಹೇಳಿದ್ದು ಸರಿಯೇ ಇತ್ತು ಹಾಗಾದರೆ!” ಅವರ ದನಿಯಲ್ಲಿ ಗೆದ್ದವರ ಗತ್ತಿತ್ತು.

ಅಷ್ಟರಲ್ಲಿ ಆಂಟಿ ಫೋನ್ ಕಸಿದುಕೊಂಡರು. “ತೃಷಾ, ನಿನ್ನ ಮದುವೆಯನ್ನು ಮಾತ್ರ ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಬೇಡ!”