ಮೋಡಕ್ಕೆ ಮರೆ ಹಿಡಿದ ಸೆರಗು

ಕೆಂಪು, ಹಳದಿಯಲ್ಲ, ಕೆಂಪು — ಸೂಕ್ಷ್ಮದರ್ಶಕದ ಗುಂಡನೆಯ ಬೆಳಕಿನಲ್ಲಿ ಸೊಟ್ಟಗೆ ಬಿದ್ದಿರುವ ಒಂದು ಎಳೆ, ಶಿವಗಂಗಾ ಕಣ್ಣುಜ್ಜಿಕೊಂಡು ಮತ್ತೆ ಇಣುಕಿದಳು, ಎಳೆ ಅಲ್ಲೇ ಇದೆ, ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು, ಸಂತೆಗೆ ಹೊರಟ ಅಕ್ಕತಂಗಿಯರ ಹಾಗೆ ಜೊತೆಜೊತೆಗೆ, ದೇವರ ಭಂಡಾರ ಎಲ್ಲಿ, ಆ ಅರಿಶಿನದ ಪುಡಿಯ ಒಂದಾದರೂ ಕಣ ಇರಬೇಕಲ್ಲ, ಅದನ್ನು ಕಾವಲುಗಾರ ಚಂದಪ್ಪನಿಗೆ ತೋರಿಸಲೆಂದೇ ಅಲ್ಲವೇ ಅವಳು ಈ ಗಾಜಿನ ಪಟ್ಟಿ ತೆಗೆದದ್ದು, ನೋಡ್ರಿ ನಿಮ್ಮ ಭಂಡಾರ ಏನು ಮಾಡೈತಿ ಅಂತ ಕಣ್ಣಿಗೆ ಹಿಡಿಯಬೇಕಿತ್ತು, ಅವನು ಬೇವೂರಿನ ಮೊದಲ ಬಸ್ಸಿಗೆ ಬಂದು ಕಾಲೇಜಿನ ವರಾಂಡದ ಬೆಂಚಿನ ಮೇಲೆ ಒಂಬತ್ತರಿಂದ ಕುಳಿತಿದ್ದಾನೆ, ಅವಳನ್ನು ಕಂಡೊಡನೆ ಎದ್ದು ರುಮಾಲು ತೆಗೆದ, ಹದಿನೈದ ದಿನಾ ಆತ್ರಿ ಅಕ್ಕಾರ, ಹಣಿಗೂ ಭಂಡಾರ ಹಚ್ಚಿಲ್ಲ, ಈಗರ ಟಾಕಿ ಕೀಲಿ ಕೊಡ್ತೀರೇನ್ರಿ, ಬಿಸಿಲಿಗೆ ಕರಿಯ ಎರೆಹೊಲದಂತಾದ ಮುಖದ ನಡುವೆ ಹಣೆಯ ಮೇಲೊಂದು ಬಿಳಿಚಿದ ಜಾಗ, ಗೋಡೆಯಿಂದ ಫೋಟೋ ಇಳಿಸಿದ ಮೇಲೆ ಉಳಿಯುವ ಜಾಗದ ಹಾಗೆ, ಅವಳು ಅದರತ್ತ ನೋಡದೆ, ಕಾರ್ಯಕ್ರಮ ಮುಗೀಲಿ ಕೂಡ್ರಿ, ಅಂದು ಒಳಗೆ ಬಂದುಬಿಟ್ಟಿದ್ದಳು.

ಎಂಟು ತಿಂಗಳಾಯಿತು, ಬೇವೂರಿನ ನೀರಿನ ಟಾಕಿಯ ಮೇಲೆ ಗಾಳಿ ಹೀರುವ ಪೆಟ್ಟಿಗೆ ಇಟ್ಟು, ಒಳಗೊಂದು ತೆಳ್ಳನೆಯ ಫಿಲ್ಟರ್ ಹಾಳೆ, ಅದರ ಮೇಲೆ ಊರಿನ ಗಾಳಿಯಲ್ಲಿರುವುದೆಲ್ಲ ಬಂದು ಕೂರಬೇಕು, ಜೋಳದ ಹೊಟ್ಟು, ಹೂವಿನ ಪರಾಗ, ಬೂಸ್ಟು, ಕೊಳೆತ ಎಲೆಯ ಪುಡಿ, ರಾಶಿಯ ಕಣದಿಂದ ಹಾರಿದ ಕಣ ಎಲ್ಲಿಯವರೆಗೆ ಹೋದೀತು ಅನ್ನುವುದೇ ಅವಳ ಸಂಶೋಧನೆ, ಮೇಲೆ, ಭಾಳ ಮೇಲೆ, ಗರಿಯಂಥ ಮೋಡ ಇರುವಲ್ಲಿ, ನೀರಿನ ಹನಿ ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಗಟ್ಟಿಯಾಗದೆ ಹಟ ಹಿಡಿದು ಕೂತಿರುತ್ತದೆ, ಒಂದು ಕಣ ಸಿಕ್ಕರೆ ಸಾಕು, ಅದನ್ನು ಹಿಡಿದುಕೊಂಡು ಹಿಮವಾಗುತ್ತದೆ, ಇದನ್ನು ಪ್ರಾಚಾರ್ಯ ಶಂಕರಲಿಂಗ ಸರ್‌ಗೆ ಮೂರು ಸಲ ಹೇಳಬೇಕಾಯಿತು, ಟಾಕಿ ಕಾಯುವ ಚಂದಪ್ಪನಿಗೆ ಒಂದೇ ಸಲ, ಹಾಲಿಗೆ ಹೆಪ್ಪು ಹಾಕಿದಂಗ ಅನ್ರಿ, ಅಂದಿದ್ದ, ಅವಳು ಪಾಠದಲ್ಲಿ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು, ಯಾರ ಮಾತು ಅಂತ ಮಾತ್ರ ಹೇಳಿರಲಿಲ್ಲ — ಊರವರು ಅವನನ್ನು ಮೋಡದಪ್ಪ ಅಂತ ಚಾಷ್ಟಿ ಮಾಡಿದರೆ ಅವನಿಗೆ ಒಳಗೊಳಗೇ ಖುಷಿ, ಟಾಕಿಯ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ.

ಆಮೇಲೆ ಆ ಸಾಕ್ಷಿ ಹಾಳೆ, ಪೆಟ್ಟಿಗೆಯಲ್ಲಿಟ್ಟು ಗಾಳಿ ಹೀರಿಸದೆ ಹಾಗೇ ತೆಗೆಯುವ ಖಾಲಿ ಹಾಳೆ, ಅದನ್ನು ತೊಳೆದ ನೀರು ಸೊನ್ನೆಯಿಂದ ಇಪ್ಪತ್ತು ಡಿಗ್ರಿ ಕೆಳಗಿಳಿದರೂ ನೀರಾಗಿಯೇ ಇರಬೇಕಿತ್ತು, ಹನ್ನೊಂದು ಡಿಗ್ರಿಗೇ ಹನಿಗಳೆಲ್ಲ ಬೆಳ್ಳಗೆ ಮುಚ್ಚಿಕೊಂಡವು, ಅಂದರೆ ಹೀರಿದ ಗಾಳಿಯಿಂದ ಬಂದದ್ದಲ್ಲ, ಯಾರದೋ ಕೈಯಿಂದ ಬಂದದ್ದು, ಯಾರದೋ ಅಂದಾಗ ತನ್ನ ಕೈ ನೆನಪಾಗುವುದಿಲ್ಲ ಮನುಷ್ಯನಿಗೆ, ಅಮಾವಾಸ್ಯೆಯ ದಿನ ಚಂದಪ್ಪ ಪೆಟ್ಟಿಗೆಗೆ ಭಂಡಾರ ಹಚ್ಚಿದ್ದು ನೆನಪಾಯಿತು, ಪೆಟಗಿಗೂ ಬೀರಪ್ಪದೇವರ ಕಾವಲ ಇರ್ಲಿ ಬಿಡ್ರಿ, ಅಂದಿದ್ದ, ಟಾಕಿಯ ಕೆಳಗೆ ಕೊಡ ಹಿಡಿದು ನಿಂತ ಹೆಂಗಸರೆಲ್ಲ ನೋಡುತ್ತಿರುವಾಗ ಅವಳು ಇಳಿದು ಬಂದು, ಎಂದೂ ನೀವು ಅನ್ನುತ್ತಿದ್ದವಳು ನೀ ಅಂದಳು, ಈ ಹೊಲಸ ಯಾಕ ಹಚ್ಚಿದಿ ಇದಕ್ಕ, ಅಂದಳು, ಹೊಲಸು, ಭಂಡಾರಕ್ಕೆ ಹೊಲಸು ಅಂದಳು, ತನ್ನ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಅಂದಳು, ಅವನು ಉಡದಾರ ಬಿಚ್ಚಿ ಕೀಲಿ ಕೊಟ್ಟ, ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ, ಹೆಂಗಸರು ಕಾಯುತ್ತ ನಿಂತಿದ್ದರು, ಮತ್ತು ವರದಿಯ ಹನ್ನೆರಡನೆಯ ಪುಟದಲ್ಲಿ ಅವಳೇ ಬರೆದಳು, ಕಾವಲುಗಾರನ ಮೌಢ್ಯದಿಂದ ಮಾದರಿ ಕೆಟ್ಟಿದೆ ಎಂದು, ಮೋಡದ ವರದಿಯಲ್ಲಿ ಮೌಢ್ಯಕ್ಕೂ ಒಂದು ಸಾಲು.

ಅವಳು ತನ್ನ ಸೆರಗಿನ ತುದಿ ಎಳೆದು ಸಾಕ್ಷಿ ಹಾಳೆಯಿಂದ ತೆಗೆದ ಆ ಗಾಜಿನ ಪಟ್ಟಿಯ ಪಕ್ಕ ಹಿಡಿದಳು, ಹಿಡಿಯದಿದ್ದರೂ ಗೊತ್ತಿತ್ತು, ಕೆಂಪು ಸೆರಗಿನ ಇಳಕಲ್ ಸೀರೆ, ಸೋಮವಾರದ ಸೀರೆ, ಹಾಳೆ ಬದಲಿಸುವ ದಿನ ಇದನ್ನೇ ಉಡುತ್ತಿದ್ದಳು, ಸೀರೆಯ ಮೈಗೂ ಸೆರಗಿಗೂ ಕೊಂಡಿ ಹಾಕಿ ನೇಯುತ್ತಾರಂತೆ, ಚೇಳಿಗೂ ಕೊಂಡಿಯೇ, ಟಾಕಿಯ ಮೇಲೆ ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಗೆ ಹಾಳೆ ಹಾರೀತೆಂದು ಬಗ್ಗಿ ಸೆರಗು ಮರೆ ಹಿಡಿಯುತ್ತಿದ್ದಳು, ಮನೆಯಲ್ಲಿ ಗುರುಸಿದ್ದವ್ವಜ್ಜಿ ದೀಪಕ್ಕೆ ಹಿಡಿಯುತ್ತಿದ್ದ ಹಾಗೆ, ಯಾರೂ ಕಲಿಸಿದ್ದಲ್ಲ, ಕೈ ತಾನೇ ಹೋಗುತ್ತದೆ, ಗಂಜಿ ಹಾಕಿ ಖಡಕ್ ಮಾಡಿದ ಸೆರಗು, ಮೇಲೆ ಮೋಡಕ್ಕೆ ಬೇಕಾದದ್ದೂ ಇಂಥದ್ದೇ, ನೂಲು, ಗಂಜಿ, ಗಿಡದ ಪುಡಿ — ಆಗ ಚಂದಪ್ಪ ಮಾರು ದೂರದಲ್ಲಿ ಮುಖ ತಿರುಗಿಸಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ, ನನ್ನ ಉಸಿರು ಬೀಳಬಾರದಲ್ರಿ ಅದರ ಮ್ಯಾಲ, ಅವಳೇ ಹೇಳಿಕೊಟ್ಟ ಪಾಠ, ಅವನು ಉಸಿರು ಹಿಡಿದ, ಅವಳು ಸೆರಗು ಹಿಡಿದಳು.

ಶಂಕರಲಿಂಗ ಸರ್ ಬಾಗಿಲಲ್ಲಿ, ವರದಿ ಕೇಳಾಕ ಧಾರವಾಡದವರು ಬಂದರು, ಹನ್ನೊಂದಕ್ಕೆ ನಿಮ್ಮದೇ ಮೊದಲು, ಅವಳು ಹೇಳಿದಳು, ಸರ್, ಭಂಡಾರ ಅಲ್ಲ, ನನ್ನ ಸೆರಗಿನ ಎಳಿ, ಅವರು ಸೂಕ್ಷ್ಮದರ್ಶಕದ ಕಡೆ ನೋಡಲಿಲ್ಲ, ಗಡಿಯಾರ ನೋಡಿದರು, ವರದಿಯೊಳಗ ಭಂಡಾರ ಅಂತ ಬಂದೈತಲ್ಲ, ಭಂಡಾರನ ಇರ್ಲಿ ಬಿಡ್ರಿ, ಅಂವ ಏನು ನಿಮ್ಮ ವರದಿ ಓದ್ತಾನೇನು, ಹೋದರು, ಖರೆ, ಅವನು ಓದುವುದಿಲ್ಲ, ಎಷ್ಟು ಹಗುರಾಯಿತು ಒಂದು ಕ್ಷಣ, ಹಗುರಾದದ್ದಕ್ಕೆ ಮೈಯೆಲ್ಲ ನಾಚಿಕೆ, ಹನಿ ನೋಡಲು ಬಗ್ಗಿದರೆ ಕಾಣುವುದು ಹಣೆ, ಆ ಬಿಳಿಚಿದ ಜಾಗ, ಅವಳು ವರದಿ ತೆರೆದು ಹನ್ನೆರಡನೆಯ ಪುಟದ ಸಾಲು ಹೊಡೆದುಹಾಕಿ ಮೇಲೆ ತನ್ನ ಹೆಸರು ಬರೆದಳು, ಪೆನ್ನಿನ ಮೊನೆಗೆ ಹಾಳೆ ಹರಿಯಿತು, ಇದನ್ನು ಸಭೆಯಲ್ಲಿ ಓದುವುದು ಕಷ್ಟವಲ್ಲ, ಧಾರವಾಡದವರು ಪ್ರಾಮಾಣಿಕತೆ ಅಂತ ತಲೆಯಾಡಿಸುತ್ತಾರೆ, ಅವನ ಮುಂದೆ ಹೇಳುವುದು ಕಷ್ಟ, ಚೀಲದಿಂದ ಕೀಲಿ ತೆಗೆದಳು, ಬಾಗಿಲು ದಾಟಿದಳು.

ಚಂದಪ್ಪ ಎದ್ದು ನಿಂತ.

ತಪ್ಪು ನಿಮ್ಮದಲ್ರಿ, ನನ್ನ ಸೆರಗಿಂದು, ಅದರ ಎಳಿ ಬಿದ್ದಾವು ಹಾಳಿ ಮ್ಯಾಲ, ಭಂಡಾರ ಅಲ್ಲ, ಸುಳ್ಳ ಬೈದೆ ನಿಮಗ — ಹೇಳಿದಳು, ಒಂದೇ ಉಸಿರಿಗೆ, ಕೇಳಿಸಿತೋ ಇಲ್ಲವೋ, ಕೇಳಿಸಿತು, ಅವನು ನಕ್ಕ, ಸಣ್ಣ ಹುಡುಗಿಯ ಸುಳ್ಳಿಗೆ ನಗುವ ಹಾಗೆ, ಬಿಡ್ರಿ ಅಕ್ಕಾರ, ನನ್ನ ಸಲುವಾಗಿ ನಿಮ್ಮ ಮ್ಯಾಲ ಯಾಕ ಹಾಕ್ಕೋತೀರಿ, ನಿಮ್ಮ ಸೆರಗು ಹೊಲಸ ಹೆಂಗ ಆಕ್ಕೈತ್ರಿ, ಹೊಲಸ ಆದ್ರ ನಮ್ಮದ ಇರಬೇಕು — ಇಲ್ಲ, ಅನ್ನಬೇಕು, ಸಭೆಯೊಳಗಿನಿಂದ ಅವಳ ಹೆಸರು ಕರೆಯುತ್ತಿದ್ದಾರೆ, ಕೀಲಿ ಚಾಚಿದ ಕೈಯಲ್ಲೇ ಇದೆ, ಅವನು ತಕ್ಷಣ ತೆಗೆದುಕೊಳ್ಳಲಿಲ್ಲ, ಮೊದಲು ರುಮಾಲಿನ ತುದಿಯಿಂದ ಹಣೆ ಒರೆಸಿಕೊಂಡ, ಏನೂ ಇರದ ಹಣೆ, ಇನ್ನೊಮ್ಮೆ ಒರೆಸಿಕೊಂಡ, ಒತ್ತಿ, ಆ ಬಿಳಿಚಿದ ಜಾಗ ಕೆಂಪಾಗುವವರೆಗೆ, ಆ ಬರಿ ಹಣೆ, ಆ ಹಣೆ —