ಹದಿನಾಲ್ಕು ಸೆಂಟಿಮೀಟರ್

ಬೈಂದೂರಿನ ಮೀನು ರಫ್ತು ಕಂಪನಿಯೊಂದು ಇನ್ನು ಮರಿಮೀನು ಕೊಳ್ಳುವುದಿಲ್ಲವೆಂದು ತೀರ್ಮಾನಿಸಿದ ಮೇಲೆ, ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಅಳೆಯುವ ಕೆಲಸ ನನಗೆ ಸಿಕ್ಕಿತು. ಎಂ.ಎಸ್ಸಿ. ಓದಿದ್ದೆ. ಗಂಡ ಸುಜನ್ ಸಮುದ್ರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಬಂಗುಡೆ ಹದಿನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಬುಟ್ಟಿ ವಾಪಸ್.

ಒಂದು ಬೆಳಿಗ್ಗೆ ಸುಜನನ ಅಣ್ಣ ದೇವು ಬಾವನ ದೋಣಿಯ ಬುಟ್ಟಿಗಳು ನನ್ನ ಮೇಜಿಗೆ ಬಂದವು. ಸುಜನ್ ಹೋದ ಮೇಲೆ ಗಂಡನ ಮನೆಯಲ್ಲಿ ನನ್ನೊಡನೆ ಇನ್ನೂ ಮಾತಾಡುತ್ತಿದ್ದವರು ಅವರೊಬ್ಬರೇ.

"ಹ್ವಾಯ್ ಸೌಜನ್ಯ, ಮೀನಿಗೂ ಜಾತ್ಕ ನೋಡ್ತ್ಯಾ?"

ಐದು ಮೀನು ಅಳೆದೆ. ಎಲ್ಲವೂ ಹನ್ನೊಂದು.

"ಬಾವ, ಇದ್ ತಕಂಬುಕೆ ಆತಿಲ್ಲೆ. ಇನ್ನೂ ಒಂದ್ಸಲವೂ ಮೊಟ್ಟೆ ಇಡ್ಲಿಲ್ಲೆ."

"ನಿಂಗೆ ಮೀನಿನ್ ಮಕ್ಕಳ್ ಕಾಂತ್, ನನ್ ಮಕ್ಕಳ್ ಕಾಂತಿಲ್ಯಾ?"

ಸುತ್ತಲಿದ್ದವರು ನಕ್ಕರು. ಬಾವ ನಗಲಿಲ್ಲ. ಬುಟ್ಟಿಗಳನ್ನು ಎತ್ತಿಸಿ, ಗೇಟಿನಾಚೆ ನಿಂತಿದ್ದ ಮೀನುಹುಡಿ ಕಾರ್ಖಾನೆಯ ಲಾರಿಗೆ ಹಾಕಿಸಿದರು. ಅಲ್ಲಿ ಯಾರೂ ಅಳೆಯುವುದಿಲ್ಲ.

ಆಮೇಲೆ ಎಲ್ಲರೂ ಮರಿಮೀನನ್ನು ನೇರ ಲಾರಿಗೇ ಒಯ್ದರು. ನನ್ನ ಮೇಜಿಗೆ ಬರುತ್ತಿದ್ದುದು ದೊಡ್ಡ ಮೀನು ಮಾತ್ರ. ಬಾವ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು.

ಮರುತಿಂಗಳು ಕಳೆದ ಮೇಲೆ ಕಂಪನಿಯ ಮ್ಯಾನೇಜರ್ ಶೈಲೇಶ್ ಫೋನ್ ಮಾಡಿದರು.

"ಕಳೆದ ತಿಂಗಳು ಒಂದು ಬುಟ್ಟಿಯೂ ವಾಪಸ್ ಹೋಗಿಲ್ಲ. ಮರಿಮೀನು ಹಿಡಿಯುವುದೇ ನಿಂತಿದೆ ಅಂತ ವರದಿಯಲ್ಲಿ ಬರೆಯಿರಿ ಮೇಡಂ."

"ನಿಂತಿಲ್ಲ ಸರ್. ನನ್ನ ಹತ್ತಿರ ಬರುವುದು ನಿಂತಿದೆ."

"ಲಾರಿಯ ಮೀನು ನಮ್ಮ ಲೆಕ್ಕಕ್ಕೆ ಬರುವುದಿಲ್ಲವಲ್ಲ" ಎಂದು ಫೋನ್ ಇಟ್ಟರು.

ನಾನು ಕಂಡದ್ದನ್ನೇ ಬರೆದು ಕಳಿಸಿದೆ. ಆ ದಿನ ನಾನು ಯಾರೊಡನೆಯಾದರೂ ಆಡಿದ ಮಾತು ಆ ಫೋನಿನದಷ್ಟೇ.