ಮೂರನೇ ಬೋರಿನ ಕಲ್ಲು

ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲೆ ಇಟ್ಟುಕೊಂಡರೆ ಸಾಕು, ನೂರು ಅಡಿ ಕೆಳಗೆ ಯಾವ ಕಪ್ಪೆಗೆ ನೆಗಡಿಯಾಗಿದೆ ಎಂದು ನಾನು ಹೇಳಬಲ್ಲೆ. ಅದು ಗಂಡು ಕಪ್ಪೆಯೋ ಹೆಣ್ಣು ಕಪ್ಪೆಯೋ ಎಂದು ಹೇಳುವುದಕ್ಕೆ ಮಾತ್ರ ಇನ್ನೊಂದು ಚಿಟಿಕೆ ಬೇಕು.

"ಉಗಿಯೋ ಬೋಳಿಮಗನೆ, ಬಾಯಲ್ಲಿರೋದನ್ನ ಉಗಿ! ಗಿರಾಕಿಗಳು ಬರ್ತಿದಾರೆ!"

ಹೀಗೆ ಕೂಗಿದವನು ನಮ್ಮ ಕಂಪನಿಯ ಸಣ್ಣ ಇಂಜಿನಿಯರು. ಕಟ್ಟಡ ಏಳುವ ಮೊದಲು ನೆಲಕ್ಕೆ ಬೋರು ಕೊರೆದು, ಕೆಳಗೆ ಕಲ್ಲಿದೆಯೋ ಕೆಸರಿದೆಯೋ ಎಂದು ವರದಿ ಕೊಡುವುದು ಕಂಪನಿಯ ಕಸುಬು. ಕೊರೆಯುವವರು ನಾವು, ವರದಿ ಅವರದು. ಬಂದವರಿಗೆ ಯಂತ್ರ ಕಾಣಬೇಕು, ಮಣ್ಣು ನೆಕ್ಕುವ ಕೂಲಿ ಕಾಣಬಾರದು. ನನ್ನನ್ನು ಯಂತ್ರದ ಹಿಂದಕ್ಕೆ ತಳ್ಳಿದ. ಅವರ ಕಾರು ಹೊರಟಿತೋ ಇಲ್ಲವೋ, ಅದೇ ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ಏನನ್ಸುತ್ತೋ ನಾಲಿಗೆ? ಎಷ್ಟು ಅಡಿಗೆ ಗಟ್ಟಿ?"

ನಾಲಿಗೆ ಎಂಬುದೇ ನನಗೆ ಉಳಿದ ಹೆಸರು. ಮಣ್ಣು ರುಚಿ ನೋಡುವುದಕ್ಕೆ ಅರ್ಧ, ಬುರುಡೆ ಬಿಡುವುದಕ್ಕೆ ಅರ್ಧ ಎಂದು ನನ್ನ ಭಾವಮೈದುನ ಹೇಳುತ್ತಾನೆ. ಅವನು ನನ್ನ ಹೆಂಡತಿಯ ತಮ್ಮ, ಅದೇ ಯಂತ್ರದ ಹಗ್ಗ ಎಳೆಯುವವನು. ಅವನನ್ನು ಕೆಲಸಕ್ಕೆ ಸೇರಿಸಿದ್ದು ನಾನೇ. ನಿಮ್ಮಂಥ ಇನ್ನೊಬ್ಬರನ್ನು ಕೊಡಿ ಎಂದು ಇಡೀ ಕಂಪನಿ ನನ್ನ ಕಾಲು ಹಿಡಿದಿತ್ತು. ಪಾಪ, ಕೊಟ್ಟೆ.

ಒಮ್ಮೆ ಕಂಪನಿ ಬಣ್ಣದ ಪುಸ್ತಕ ಮಾಡಿಸಿತು. 'ನಮ್ಮ ತಜ್ಞರು' ಎಂಬ ಪುಟದಲ್ಲಿ ಹನ್ನೊಂದು ಟೈ, ಹನ್ನೊಂದು ನಗು. ಅವುಗಳ ಕೆಳಗೆ ಒಂದು ಕೈ. ಅಂಗೈ ತುಂಬ ಕೆಂಪು ಮಣ್ಣು, ತೋರುಬೆರಳು ಅರ್ಧಕ್ಕೆ ಮೊಂಡು. ಉಳಿದರ್ಧವನ್ನು ಹುಲಿ ತಿಂದಿದೆ ಎಂದು ಕೇರಿಯ ಮಕ್ಕಳಿಗೆ ಹೇಳಿದ್ದೇನೆ. ತಿಂದದ್ದು ನಮ್ಮ ಯಂತ್ರದ ಗಾಲಿ. ಚಿತ್ರ ಮಣಿಕಟ್ಟಿಗೇ ಮುಗಿದಿತ್ತು. ಕೆಳಗೆ 'ಮೂವತ್ತು ವರ್ಷಗಳ ಅನುಭವ' ಎಂದಿತ್ತು.

"ನೋಡೇ, ಕಂಪನಿಯ ಕೈ ಅಂದ್ರೆ ನಾನೇ!" ಎಂದು ಹೆಂಡತಿಗೆ ತೋರಿಸಿದೆ.

"ಕೈ ಕಾಣ್ತಿದೆ. ಮೂತಿ ಎಲ್ಲಿ?"

"ಮೂತಿ ಹಾಕಿದ್ರೆ ಬೇರೆ ಕಂಪನಿಯೋರು ಹೊತ್ಕೊಂಡು ಹೋಗ್ತಾರೆ ಅಂತ ಹೆದರಿಕೆ ಕಣೆ."

ಅವಳು ನಗಲಿಲ್ಲ. ಪುಸ್ತಕವನ್ನು ಮಾತ್ರ ಜೋಪಾನವಾಗಿ ಟ್ರಂಕಿನಲ್ಲಿಟ್ಟಳು.

ಆಮೇಲೆ ಬಂತು ಹೆರಿಗೆ ಆಸ್ಪತ್ರೆಯ ಜಾಗ. ಮೊದಲೆರಡು ಬೋರುಗಳಲ್ಲಿ ಇಪ್ಪತ್ತು ಅಡಿಗೆ ಕಲ್ಲು ಸಿಕ್ಕಿತು. ಮೂರನೆಯದರಲ್ಲಿ ನಲವತ್ತಕ್ಕೆ ಇಳಿದರೂ ಕೆಸರು. ನಾಲಿಗೆಗೆ ಹಚ್ಚಿಕೊಂಡೆ. ಕೊಳೆತ ಎಲೆಯ ಒಗರು.

"ಬರೀ ಕೆಸರು ಸಾರ್. ಬೆಣ್ಣೇಲಿ ಇಳಿದಂಗೆ ಇಳೀತಿದೆ ಕೊಳವೆ," ಎಂದ ಭಾವಮೈದುನ.

"ನಿನ್ನನ್ಯಾರೋ ಕೇಳಿದ್ದು, ಮುಂಡೇದೆ? ಹಗ್ಗ ಎಳಿಯೋನಿಗೆ ಮಾತು ಬೇರೆ ಕೇಡು. ಹೋಗು, ಡೀಸೆಲ್ ತಗೊಂಡು ಬಾ," ಎಂದ ಸಣ್ಣ ಇಂಜಿನಿಯರು.

ಭೂಮಿಯಿಂದ ತೆಗೆದದ್ದನ್ನು ಆಳದ ಪ್ರಕಾರ ಮರದ ಪೆಟ್ಟಿಗೆಯ ಮನೆಗಳಲ್ಲಿ ಜೋಡಿಸಿ ಫೋಟೊ ಹಿಡಿಯುತ್ತಾರೆ. ಆ ಫೋಟೊವೇ ವರದಿಗೆ ಸಾಕ್ಷಿ. ಭಾವಮೈದುನ ಡೀಸೆಲ್ ಹೊತ್ತು ಬರುವಷ್ಟರಲ್ಲಿ ಮೂರನೇ ಬೋರಿನ ಪೆಟ್ಟಿಗೆಯಲ್ಲಿ ಎರಡನೇ ಬೋರಿನ ಕಲ್ಲುಗಳು ಬಂದು ಮಲಗಿದ್ದವು. ಹೇಗೆ ಬಂದವೋ! ಕಲ್ಲುಗಳಿಗೂ ಕಾಲಿರುತ್ತದೆ, ನಾನೇ ಕಂಡಿದ್ದೇನೆ.

ಆಸ್ಪತ್ರೆ ತೆರೆಯುವ ಮೊದಲೇ ಅದರ ಒಂದು ಮೂಲೆ ಕುಸಿಯಿತು. ಗೋಡೆ ಬಿದ್ದು ಗಾರೆಯವನೊಬ್ಬನ ಸೊಂಟ ಮುರಿಯಿತು. ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ತನಿಖೆ. ತನಿಖೆಯ ಅಧಿಕಾರಿಯ ಮುಂದೆ ನಮ್ಮ ದೊಡ್ಡ ಸಾಹೇಬರು ಎದ್ದು ನಿಂತು ಓದಿದರು.

"ಮಾದರಿಗಳು ಅದಲುಬದಲಾಗಿವೆ. ಇದಕ್ಕೆ ನಮ್ಮ ಕ್ಷೇತ್ರ ತಜ್ಞರೇ ಹೊಣೆ."

ಯಾವ ಟೈ ಬರುತ್ತದೆ ಎಂದು ನಾವೆಲ್ಲ ಬಾಗಿಲ ಕಡೆ ನೋಡಿದೆವು. ಸಾಹೇಬರು ಭಾವಮೈದುನನ ಕಡೆ ಬೊಟ್ಟು ಮಾಡಿದರು. ಹಗ್ಗ ಎಳೆಯುವವನು ತಜ್ಞನಾಗಿದ್ದ! ನಮ್ಮವರಲ್ಲಿ ಒಬ್ಬನನ್ನು ಕಂಪನಿ ಹಾಗೆ ಕರೆದದ್ದು ಅದೇ ಮೊದಲು.

"ನಾನು ಡೀಸೆಲ್‌ಗೆ ಹೋಗಿದ್ದೆ ಸಾರ್," ಎಂದ ಅವನು. "ನಮ್ಮ ಭಾವ ಅಲ್ಲೇ ಇದ್ರು. ಅವರನ್ನ ಕೇಳಿ."

ಆಗ ನಾನು ಎದ್ದೆ ನೋಡಿ! ಮೇಜಿಗೆ ಗುದ್ದಿದ ಏಟಿಗೆ ಇಡೀ ಕಟ್ಟಡ ಮೂರು ಅಂಗುಲ ಪಕ್ಕಕ್ಕೆ ಸರಿಯಿತು. ಜೇಬಿನಲ್ಲಿದ್ದ ಕೆಸರನ್ನು ತೆಗೆದು ದೊಡ್ಡ ಸಾಹೇಬರ ಬಾಯಿಗೆ ತುರುಕಿ, "ನೆಕ್ಕೋ, ನೆಕ್ಕಿ ಹೇಳು, ಇದು ಕಲ್ಲಾ?" ಎಂದೆ. ಸಣ್ಣ ಇಂಜಿನಿಯರು ಕಿಟಕಿ ಹಾರಿದ. ಅಧಿಕಾರಿ ಎದ್ದು ನಿಂತು ಕೈಮುಗಿದರು.

ಸಂಜೆ ಕೇರಿಯ ನಲ್ಲಿಯ ಹತ್ತಿರ ಇದನ್ನೇ ಹೇಳುತ್ತಿದ್ದೆ. ಕೊಡ ಇಟ್ಟುಕೊಂಡು ನಿಂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆಗ ಮನೆಯೊಳಗಿಂದ ಹೆಂಡತಿ ಬಂದಳು, ಹಿಂದೆ ಅವಳ ತಮ್ಮ. ನಾಳೆ ಹತ್ತು ಗಂಟೆಗೆ ಅವನು ಪೊಲೀಸರ ಮುಂದೆ ನಿಲ್ಲಬೇಕು. ಆ ನೋಟಿಸಿನ ಜೊತೆ ಪೆಟ್ಟಿಗೆಯ ಫೋಟೊದ ಪ್ರತಿಯನ್ನೂ ಕೊಟ್ಟಿದ್ದರು. ಅವಳು ಅದನ್ನು ನಲ್ಲಿಯ ಕಟ್ಟೆಯ ಮೇಲೆ ಹರಡಿದಳು. ಪಕ್ಕದಲ್ಲಿ ಟ್ರಂಕಿನ ಪುಸ್ತಕವನ್ನು ಬಿಡಿಸಿಟ್ಟಳು.

ಫೋಟೊದ ಮೂಲೆಯಲ್ಲಿ, ಕಲ್ಲನ್ನು ಪೆಟ್ಟಿಗೆಯ ಮನೆಗೆ ಕೂರಿಸುತ್ತಿರುವ ಕೈ. ತೋರುಬೆರಳು ಅರ್ಧಕ್ಕೆ ಮೊಂಡು.

"ಇದನ್ನೂ ಹುಲಿ ತಿಂತಾ?" ಎಂದಳು.

ನಗು ನಿಂತಿತು. ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಲ್ಲಿ ಮುಚ್ಚಲಿಲ್ಲ.

"ದೊಡ್ಡ ಸಾಹೇಬರೇ ಸೈಟಿಗೆ ಬಂದು ಹೆಗಲ ಮೇಲೆ ಕೈ ಹಾಕಿದ್ರು ಕಣೆ. ಕೆಸರಿನ ಜಾಗಕ್ಕೆ ಕಲ್ಲು ಇಡು, ಮುಂದಿನ ಪುಸ್ತಕದಲ್ಲಿ ನಿನ್ನ ಮೂತಿ ಹಾಕಿಸ್ತೀನಿ, ಹನ್ನೆರಡನೇ ತಜ್ಞ ನೀನೇ ಅಂದ್ರು," ಎಂದೆ.

"ಬೆಳಿಗ್ಗೆ ಆ ಅಧಿಕಾರಿ ನಿಮ್ಮನ್ನ ಮೂರು ಸಲ ಕೇಳಿದ್ರಲ್ಲ ಭಾವ," ಎಂದ ಭಾವಮೈದುನ, ಮೆಲ್ಲಗೆ. "ಆಗ ನಾಲಿಗೆ ಬಿದ್ದೋಗಿತ್ತಾ?"

ಬಿದ್ದುಹೋಗಿರಲಿಲ್ಲ. ನಾನು ಎದ್ದೂ ಇರಲಿಲ್ಲ, ಮೇಜು ಗುದ್ದಿಯೂ ಇರಲಿಲ್ಲ. ಆ ಮೇಜಿನ ಮೇಲೆ ಹೊಸ ಪುಸ್ತಕವಿತ್ತು, ಪುಟ ತೆರೆದೇ ಇತ್ತು. ಅದೇ ಹನ್ನೊಂದು ಟೈ. ಕೆಳಗೆ ಅದೇ ಕೈ, ಅದೇ ಕೆಂಪು ಮಣ್ಣು. ಮೂತಿ ಇರಲಿಲ್ಲ. ತೋರುಬೆರಳಿಗೆ ಮಾತ್ರ ಅರ್ಧ ಬೆರಳು ಬರೆದು ಸೇರಿಸಿದ್ದರು, ಉಗುರಿನ ಸಮೇತ. ಅದನ್ನು ಕಣ್ಣಾರೆ ಕಂಡ ಮೇಲೂ ನನ್ನ ಮೊಂಡು ಬೆರಳನ್ನು ಜೇಬಿಗಿಳಿಸಿ, ಮೂರು ಸಲವೂ "ಗೊತ್ತಿಲ್ಲ ಸಾರ್" ಎಂದೆ.

ಹೆಂಡತಿ ಹಳೆಯ ಪುಸ್ತಕವನ್ನೂ ಫೋಟೊವನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು.

"ಇವೆರಡನ್ನೂ ನಾಳೆ ನಾನೇ ಪೊಲೀಸರ ಮುಂದೆ ಇಡ್ತೀನಿ. ನೀನೂ ಬರ್ತೀಯೋ, ಇಲ್ಲಾ ಬರೀ ಕೈ ಕಳಿಸ್ತೀಯೋ?"

ಎರಡನೇ ಬೋರಿನ ಕಲ್ಲುಗಳನ್ನು ಮೂರನೇ ಪೆಟ್ಟಿಗೆಯಲ್ಲಿ ಇಟ್ಟವನು ನಾನು. ಆರು ತುಂಡು. ಇದರಲ್ಲಿ ಒಂದನ್ನೂ ಹೆಚ್ಚಿಸಿ ಹೇಳುತ್ತಿಲ್ಲ.